ಮೇಜಿಗೆ ಅಂಗಿ ಹೊಲಿದವಳು

ನನ್ನ ಹೆಂಡತಿ ನಳಿನಾಕ್ಷಿಯಷ್ಟು ಹಟದ ಹೆಂಗಸನ್ನು ನಾನು ಕಂಡಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಕುದ್ರೋಳಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು ನಾನು. ಚಿಲ್ಲರೆಯ ವಿಷಯಕ್ಕೆ ಮಂಗಳೂರಿನ ಅರ್ಧ ಜನರೊಂದಿಗೆ ಜಗಳವಾಡಿದ್ದೇನೆ. ಮನೆಗೆ ಬಂದರೆ ಮಾತ್ರ ನನ್ನ ಬಾಯಿ ಬಂದ್. ಅವಳು ಕೂಗಾಡುವವಳಲ್ಲ. ಒಮ್ಮೆ ಹೇಳುತ್ತಾಳೆ, ಅಲ್ಲಿಗೆ ಆ ವಿಷಯ ಮುಗಿಯಿತು.

ಮದುವೆಗೆ ಮುಂಚೆಯೂ ಅವಳು ಹೇಳಿದ್ದು ಒಂದೇ ಸಲ. ಹೆಣ್ಣು ನೋಡಲು ಹೋದಾಗ ನಮ್ಮಿಬ್ಬರನ್ನು ಬಾವಿಕಟ್ಟೆಯ ಹತ್ತಿರ ಮಾತಾಡಲು ಬಿಟ್ಟಿದ್ದರು. ನನಗೆ ಮಕ್ಕಳು ಬೇಡ, ಒಪ್ಪಿಗೆ ಉಂಟಾದರೆ ಹೇಳಿ, ಇಲ್ಲದಿದ್ದರೆ ಚಾ ಕುಡಿದು ಹೋಗಿ ಎಂದಳು. ಕಾರಣವನ್ನೂ ಹೇಳಿದಳು. ಅವಳ ಇಬ್ಬರು ತಮ್ಮಂದಿರಿಗೂ ರಕ್ತ ಹೆಪ್ಪುಗಟ್ಟದ ಕಾಯಿಲೆ. ಚಿಕ್ಕವನು ಶೈಲೇಶ್ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು, ತಲೆಯೊಳಗೆ ರಕ್ತ ಹರಿದು, ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ. ದೊಡ್ಡವನು ಜಯ ಉಳಿದಿದ್ದ. ಈ ಕಾಯಿಲೆ ಕಾಡುವುದು ಗಂಡುಮಕ್ಕಳನ್ನು, ಆದರೆ ದಾಟಿ ಬರುವುದು ತಾಯಿಯಿಂದ. ನಮ್ಮ ತುಳುವರಲ್ಲಿ ‘ಬರಿ’, ಅಂದರೆ ಕುಲ, ಬರುವುದೂ ತಾಯಿಯಿಂದಲೇ. ಹೆಣ್ಣು ಹುಟ್ಟಿದರೆ ಕುಟುಂಬ ಉಳಿಯಿತು ಎಂದು ಹಿಗ್ಗುವ ಜನ ನಾವು. ಅದೇ ದಾರಿಯಲ್ಲಿ ಇದೂ ಬರುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಆ ದಾರಿಯನ್ನು ಮುಚ್ಚಿಬಿಡುವುದೆಂದು ಅವಳು ನಿಶ್ಚಯಿಸಿದ್ದಳಂತೆ.

ನಾನು ಒಪ್ಪಿದೆ. ಚಂದ ಇದ್ದಳು, ಮಾರಾಯ್ರೆ. ಮದುವೆಯಾಗಲಿ, ಮನಸ್ಸು ಬದಲಾಗದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ನನ್ನ ತಲೆ ನರೆತದ್ದೊಂದೇ ಬದಲಾವಣೆ.

ಅವರಮ್ಮ ಆಗಲೇ ತೀರಿಹೋಗಿದ್ದರು. ಹಾಗಾಗಿ ನಳಿನಾಕ್ಷಿಯ ಜೊತೆಗೆ ಜಯನೂ ನಮ್ಮ ಮನೆಗೆ ಬಂದ, ಅವನ ಜೊತೆಗೆ ಹಳೆಯ ಸೀರೆಗಳ ಒಂದು ದೊಡ್ಡ ಗಂಟೂ ಬಂತು. ಬಂದ ವಾರದಲ್ಲೇ ಅವಳು ಮೇಜಿನ ಮೂಲೆ, ಮಂಚದ ಕಾಲು, ಕಪಾಟಿನ ಅಂಚು ಎಲ್ಲಕ್ಕೂ ಹತ್ತಿ ತುಂಬಿಸಿ ಬಟ್ಟೆ ಹೊಲಿದಳು. ಜಯನಿಗೆ ತಾಗಬಾರದು, ಅಷ್ಟೆ. ನೆಂಟರೆಲ್ಲ ಇದೆಂತ ಮೇಜಿಗೆ ಅಂಗಿ ಎಂದು ಕೇಳುವವರು. ಜಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿಗೆ ಕೂತ. ಕೀಲಿನೊಳಗೆ ರಕ್ತ ಇಳಿದಿಳಿದು ಅವನ ಒಂದು ಮೊಣಕಾಲು ಮಡಚುವುದಿಲ್ಲ. ನೋವು ಬಂದ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ನೋವಿಲ್ಲದ ದಿನ ಅವನ ಬಾಯಿ ಮುಚ್ಚಿಸುವುದು ನನ್ನಂಥ ಕಂಡಕ್ಟರನಿಗೂ ಸಾಧ್ಯವಿಲ್ಲ. ಅವನಿಲ್ಲದೆ ನನಗೆ ಸಂಜೆಯ ಚಾ ಸೇರುವುದಿಲ್ಲ.

ನಳಿನಾಕ್ಷಿಗೆ ಅತ್ತಾವರದ ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಹುಟ್ಟಿದ ಮಕ್ಕಳನ್ನು ಸುತ್ತುವ ಬಟ್ಟೆಗಳನ್ನು ಹೊಲಿದು, ಕುದಿಸಿ ಒಗೆದದ್ದನ್ನು ಮಡಚಿ ಮೇಲಿನ ಮಹಡಿಗೆ ಕಳಿಸುವುದು. ಹೆರಿಗೆ ವಾರ್ಡು ಇರುವ ಆ ಮಹಡಿಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ. ಅಲ್ಲಿಯ ನರ್ಸ್ ಜಾನೆಟ್ ಮಕ್ಕಳನ್ನು ನೋಡಲು ಬಾ ಎಂದು ಕರೆದೂ ಕರೆದೂ ಸಾಕಾಗಿ ಬಿಟ್ಟುಬಿಟ್ಟಳು.

ಹೀಗೆ ಇದ್ದಾಗ, ಕಳೆದ ವರ್ಷ ಪ್ರಾಪ್ತಿ ಬಸುರಿಯಾದಳು. ಪ್ರಾಪ್ತಿ ನಳಿನಾಕ್ಷಿಯ ತಂಗಿಯ ಮಗಳು. ತಂಗಿ ಕೊರೋನಾದಲ್ಲಿ ಹೋದ ಮೇಲೆ ಆ ಹುಡುಗಿಗೆ ಅಮ್ಮ, ದೊಡ್ಡಮ್ಮ ಎಲ್ಲ ಇವಳೇ. ಗಂಡ ಲತೇಶ್ ಕುವೈತ್‌ನಲ್ಲಿ. ಕುಟುಂಬದಲ್ಲಿ ಹೀಗೊಂದು ಕಾಯಿಲೆ ಉಂಟೆಂದು ಹೇಳಿದ್ದಕ್ಕೆ ಡಾಕ್ಟರು ಹೊಟ್ಟೆಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮಗುವಿಗೆ ಕಾಯಿಲೆ ಉಂಟೆಂದು ಬಂತು. ಇಟ್ಟುಕೊಳ್ಳುವುದೋ ತೆಗೆಸುವುದೋ, ಹೇಳಲು ಹೆಚ್ಚು ಸಮಯ ಇರಲಿಲ್ಲ. ಲತೇಶ್ ಫೋನಿನಲ್ಲಿ, ನೀನು ಹೇಗೆ ಹೇಳಿದರೆ ಹಾಗೆ ಎಂದನಂತೆ. ಒಳ್ಳೆಯ ಹುಡುಗನೇ, ಆದರೆ ಆ ಮಾತಿನಿಂದ ಅವಳ ತಲೆಯ ಭಾರ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ನಮ್ಮಲ್ಲಿ ಇಂಥ ದೊಡ್ಡ ವಿಷಯಕ್ಕೆಲ್ಲ ಸೋದರಮಾವನ ಮಾತು ಕೇಳುವ ಕ್ರಮ. ತೊಟ್ಟಿಲು ಕಟ್ಟುವಾಗಲೂ ಅವನು ಬೇಕು, ಮದುವೆ ಮಾತಾಡುವಾಗಲೂ ಅವನು ಬೇಕು. ಪ್ರಾಪ್ತಿಗೆ ಉಳಿದಿರುವ ಸೋದರಮಾವ ಜಯ ಒಬ್ಬನೇ. ಅಂದರೆ ಎಂತ ಆಯಿತು ನೋಡಿ. ನಿನ್ನ ಹಾಗಿನವನು ಹುಟ್ಟಬೇಕೋ ಬೇಡವೋ ಎಂದು ಅವನನ್ನೇ ಕೇಳಬೇಕು.

ನಳಿನಾಕ್ಷಿ ಅದಕ್ಕೆ ಬಿಡಲಿಲ್ಲ. ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ನಾನು ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದೆ. ಕಾವಲಿಗೆ ನೀರುದೋಸೆಯ ಹಿಟ್ಟು ಹೊಯ್ಯುತ್ತಾ, ತಲೆಯೆತ್ತದೆ ಹೇಳಿದಳು: "ಬೇಡ ಪ್ರಾಪ್ತಿ. ನಾನು ನೋಡಿದ್ದನ್ನು ನೀನು ನೋಡುವುದು ಬೇಡ. ಜಯನಿಗೆ ಗೊತ್ತಾಗದ ಹಾಗೆ ಮುಗಿಸುವ."

ಮುಂದಿನ ಕೋಣೆಯಲ್ಲಿ ಓಡುತ್ತಿದ್ದ ಮಿಕ್ಸಿ ಎಷ್ಟು ಹೊತ್ತಿಗೆ ನಿಂತಿತ್ತೋ, ನಮಗೆ ಯಾರಿಗೂ ಗಮನವಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಹೊಟ್ಟೆಯ ಮಗನ ಹಾಗೆ ಸಾಕಿದ ಬಾಯಿಯಿಂದಲೇ ಇಂಥ ಮಾತು ಬರುವುದೇ! ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಜಯ ಪ್ರಾಪ್ತಿಯನ್ನು ಹೆಸರು ಹಿಡಿದು ಕರೆದ.

ಅವನು ಅವಳನ್ನು ಮುಂದಿನ ಕೋಣೆಯಲ್ಲಿ ಎದುರು ಕೂರಿಸಿಕೊಂಡು ಎಲ್ಲ ಹೇಳಿದ, ಅಡುಗೆಮನೆಗೆ ಕೇಳುತ್ತಿತ್ತು. ಅರ್ಧಕ್ಕೆ ನಿಂತ ಶಾಲೆ, ಮೊಣಕಾಲು ಊದಿದಾಗ ಚಾದರವೂ ಭಾರವಾಗುವುದು, ಯಾರೂ ಹೆಣ್ಣು ಕೊಡದೇ ಹೋದದ್ದು. ಈಗ ಒಳ್ಳೆಯ ಇಂಜೆಕ್ಷನ್ ಉಂಟು, ತನ್ನ ಕಾಲದ ಹಾಗಲ್ಲ ಎಂದ. ಆದರೆ ಆಸ್ಪತ್ರೆಯ ಓಡಾಟ ಜೀವನಪೂರ್ತಿ ತಪ್ಪುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಸುಳ್ಳು ಹೇಳುವುದಿಲ್ಲ ಮಗಾ, ನೋವು ಉಂಟು. ಆದ್ರೆ ಹುಟ್ಟಬಾರದಿತ್ತು ಅಂತ ನನಗೆ ಅನ್ಸಿದ್ದು ಒಂದೇ ಸಲ. ಅಕ್ಕ ಯಾಕೆ ಮಕ್ಕಳು ಬೇಡ ಅಂದ್ಲು ಅಂತ ಗೊತ್ತಾದ ದಿವಸ."

ಕಾವಲಿಯ ಮೇಲೆ ದೋಸೆ ಕರಟುತ್ತಿತ್ತು. ನಳಿನಾಕ್ಷಿ ಸಟ್ಟುಗ ಹಿಡಿದು ಹಾಗೆಯೇ ನಿಂತಿದ್ದಳು. ನಾನೇ ಎದ್ದು ಗ್ಯಾಸ್ ಬಂದ್ ಮಾಡಿದೆ.

ಜಯ ಮುಂದುವರಿಸಿದ. "ನೀನು ಇಟ್ಕೊಂಡ್ರೂ ನಾನು ನಿನ್ನ ಮಾವ, ಬೇಡ ಅಂದ್ರೂ ನಿನ್ನ ಮಾವ. ನಿನ್ನಿಂದ ಆಗುವುದಿಲ್ಲ ಅಂತ ಇದ್ರೆ ಬೇಡ ಅನ್ನು, ಅದ್ರಲ್ಲಿ ತಪ್ಪಿಲ್ಲ. ನನ್ನನ್ನು ನೋಡಿ ಬೇಡ ಅನ್ಬೇಡ."

ಆ ಮೇಲೆ ಅಕ್ಕತಮ್ಮ ಆ ವಿಷಯ ಎತ್ತಲಿಲ್ಲ. ಊಟಕ್ಕೆ ಬಾ ಎಂದು ಅವಳು ಕರೆಯುತ್ತಿದ್ದಳು, ಅವನು ಹೋಗಿ ಉಣ್ಣುತ್ತಿದ್ದ, ಅಷ್ಟೆ. ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ತಮ್ಮನ ಜೀವ ಕೈಯಲ್ಲೇ ಹೋದದ್ದನ್ನು ನೋಡಿದವಳು ಹೆದರಿದ್ದು ತಪ್ಪೇ? ಆ ಹೆದರಿಕೆಗೆ ತಾನೇ ಕಾರಣ ಎಂದು ಅವನು ಕೊರಗಿದ್ದು ತಪ್ಪೇ? ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ನನ್ನನ್ನಂತೂ ಯಾರೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದವರಿಗೆ ಸೀಟು ಬಿಡಿಸಿಕೊಡುವುದರಲ್ಲೇ ನನ್ನ ಅಪ್ಪತನ ಮುಗಿದುಹೋಯಿತು. ಅದಕ್ಕೆ ದುಃಖ ಇಲ್ಲ ಎಂದರೆ ಸುಳ್ಳು.

ಮತ್ತಿನ ವಾರ ಪ್ರಾಪ್ತಿ ಫೋನು ಮಾಡಿದಳು. ಮಗುವನ್ನು ಇಟ್ಟುಕೊಳ್ಳುತ್ತೇನೆ, ಮಾವನಿಗೋಸ್ಕರ ಅಲ್ಲ, ನನಗೇ ಬೇಕು ಎಂದಳು. ನಳಿನಾಕ್ಷಿ ಆಯ್ತು ಎಂದು ಫೋನು ಇಟ್ಟಳು. ಮರುದಿನ ನೋಡಿದರೆ ಹಳೆಯ ಸೀರೆಗಳ ಗಂಟು ಬಿಚ್ಚಿ ನೆಲದ ಮೇಲೆ ಹೊಲಿಯುತ್ತಾ ಕೂತಿದ್ದಾಳೆ. ಈ ಸಲ ಮೇಜಿನ ಮೂಲೆಗಳಲ್ಲ. ಹೊಸ್ತಿಲಿನ ಅಂಚು, ಮಣೆಯ ತುದಿ, ಕುರ್ಚಿಯ ಅಡ್ಡಪಟ್ಟಿ, ಅಂಬೆಗಾಲಿಡುವ ಮಗುವಿನ ತಲೆ ತಾಗುವ ಜಾಗಗಳು. ಜಯ ನೋಡಿದ, ಸೂಜಿಗೆ ದಾರ ಪೋಣಿಸಿ ಕೊಟ್ಟ.

ಹೆರಿಗೆ ಅದೇ ಆಸ್ಪತ್ರೆಯಲ್ಲಿ ಆಯಿತು. ಹುಟ್ಟಿದ ಮಗುವನ್ನು ಮೊದಲು ಮನೆಯ ಹಿರಿಯರ ಹಳೆಯ ಮೆತ್ತಗಿನ ಬಟ್ಟೆಯಲ್ಲಿ ಸುತ್ತುವುದು ನಮ್ಮ ಕ್ರಮ. ನಳಿನಾಕ್ಷಿ ಜಯನ ಹಳೆಯ ಪಂಚೆಯೊಂದನ್ನು ಹರಿದು, ಬಟ್ಟೆ ಕೋಣೆಯಲ್ಲೇ ಕುದಿಸಿ ಒಣಗಿಸಿ ಮಡಚಿಟ್ಟಿದ್ದಳು. ಬೇರೆಯವರ ಕೈಯಲ್ಲಿ ಕಳಿಸಲಿಲ್ಲ, ತಾನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಜಾನೆಟ್ ಅವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

ಜಯ ವರಾಂಡದಲ್ಲಿ ಕಾಲು ಚಾಚಿ ಕೂತಿದ್ದ. ಅವಳು ಮಗುವನ್ನು ತಂದು ಅವನ ಮಡಿಲಲ್ಲಿ ಇಟ್ಟು ಪಕ್ಕದಲ್ಲಿ ಕೂತಳು.

"ನೀನು ಹುಟ್ಟಿದಾಗ ಅಮ್ಮ ನಿನ್ನನ್ನು ನನ್ನ ಮಡಿಲಲ್ಲಿ ಇಟ್ಟಿದ್ರು. ನಾನು ವಾಪಸ್ ಕೊಡ್ಲೇ ಇಲ್ಲ. ಅತ್ತು ರಂಪ ಮಾಡಿದ್ದೆ."

"ಇನ್ನೂ ಕೊಟ್ಟಿಲ್ಲ ನೀನು" ಎಂದ ಜಯ.

ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ಕಣ್ಣು ಒರೆಸಿಕೊಂಡು, ಮಗುವನ್ನು ಎತ್ತಿ ತಂದು ನನ್ನ ಮುಂದೆ ಹಿಡಿದಳು. ಅಷ್ಟು ಮಕ್ಕಳಿಗೆ ಸೀಟು ಮಾಡಿಕೊಟ್ಟವನಿಗೆ ಹಿಡಿದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ. ಅವಳೇ ನನ್ನ ಮೊಣಕೈಯನ್ನು ಸ್ವಲ್ಪ ಮೇಲೆತ್ತಿ ಸರಿ ಮಾಡಿದಳು.