ಮಂಜು ಬೀಳದ ವರ್ಷದ ಅವರೆಕಾಯಿ

ನಾನು ಚಿಕ್ಕವನಿದ್ದಾಗ ಒಂದು ವರ್ಷ ಮಾಗಿಯಲ್ಲಿ ಮಂಜೇ ಬೀಳಲಿಲ್ಲ. ಹಾಗೆಂದು ನನ್ನ ನೆನಪು. ಒಂದು ಹನಿಯೂ ಬೀಳಲಿಲ್ಲವೋ, ನಾನು ಎದ್ದು ನೋಡಿದ ನಾಲ್ಕಾರು ದಿನ ಮಾತ್ರ ಬೀಳಲಿಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಕಾಲೇಜಿನಲ್ಲಿ ಓದಿದ ಮೇಲೆ ನನಗೆ ಯಾವುದನ್ನೂ ಸುಮ್ಮನೆ ನಂಬುವ ಅಭ್ಯಾಸ ತಪ್ಪಿಹೋಯಿತು, ನನ್ನ ನೆನಪನ್ನು ಕೂಡ. ಆದ್ದರಿಂದ ಮಕ್ಕಳೇ, ಅನುಮಾನವಿದ್ದ ಕಡೆ ಅನುಮಾನ ಎಂದೇ ಹೇಳುತ್ತೇನೆ.

ಅರವತ್ತರ ದಶಕದ ಮಾತು. ನಮ್ಮದು ದೇವನಹಳ್ಳಿಯ ಹತ್ತಿರದ ಒಂದು ಹಳ್ಳಿ. ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಬೆಳೆಸಿದವಳು ಅಕ್ಕ. ಆ ಬೇಸಿಗೆಯಲ್ಲಿ ಅವಳನ್ನು ನಮ್ಮ ತಾಲ್ಲೂಕಿನದೇ ಆದ ವಿಜಯಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ನಾನು. ಅಪ್ಪನಿಗೆ ಮುದ್ದೆ ತೊಳಸಲು ಬರುತ್ತಿತ್ತು, ಮಾತಾಡಲು ಅಷ್ಟಾಗಿ ಬರುತ್ತಿರಲಿಲ್ಲ. ಸಂಜೆ ಒಲೆಯ ಮುಂದೆ ಇಬ್ಬರೂ ಕೂತರೆ ಸೌದೆ ಸಿಡಿಯುವ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಅಕ್ಕನ ಮಗ್ಗುಲಲ್ಲಿ ಮಲಗಿ ಅಭ್ಯಾಸವಾಗಿದ್ದ ನನಗೆ ಕಂಬಳಿಯ ಒಂದು ಬದಿ ಸದಾ ತಣ್ಣಗಿರುತ್ತಿತ್ತು.

ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ. "ಮಂಜು ಬೀಳ್ಲಿ. ಅವರೇಕಾಯಿಗೆ ಸೊಗಡು ಬರ್ಲಿ. ಹಿದುಕಿದ ಬೇಳೆ ಸಾರು ಉಣ್ಣಕ್ಕೆ ಅವಳು ಬರ್ದೆ ಇರ್ತಾಳಾ?"

ಸೊಗಡು ಎಂದರೆ ಅವರೆಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಗುಟು. ಕಾಯಿ ಬಿಡಿಸಿದ ಕೈ ಮಾರನೆಯ ದಿನವೂ ಘಮ್ಮೆನ್ನುತ್ತದೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಆ ವರ್ಷ ಬೂದು ಮೋಡ ಕವಿದುಕೊಂಡು ಒಣಗಾಳಿ ಬೀಸುತ್ತಿತ್ತು. ಚಳಿಯಿತ್ತು, ತುಟಿ ಒಡೆಯುತ್ತಿತ್ತು, ಮಂಜಿರಲಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಅವರೆ ಸಾಲುಗಳು ಮಾತ್ರ ನಿಂತಿದ್ದವು. ದಿನವೂ ಹೋಗಿ ಎಲೆ ಸವರಿ ನೋಡುತ್ತಿದ್ದೆ. ಕೈ ಒದ್ದೆಯಾಗುತ್ತಿರಲಿಲ್ಲ.

ಒಂದು ದಿನ ಬೆಳಕು ಹರಿಯುವಾಗ ಬಾವಿಯಿಂದ ಚೆಂಬಿನಲ್ಲಿ ನೀರು ತಂದು, ಬೇವಿನ ಸೊಪ್ಪು ಅದ್ದಿ ಗಿಡಗಳ ಮೇಲೆ ಚಿಮುಕಿಸತೊಡಗಿದೆ. ಎಷ್ಟು ಸಲ ಓಡಾಡಿದೆನೋ, ಬೆರಳು ಮರಗಟ್ಟಿದ್ದು ಮಾತ್ರ ನೆನಪಿದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅಪ್ಪ ಬದುವಿನ ಮೇಲೆ ನಿಂತಿದ್ದ.

"ಏನ್ಲಾ ಮಾಡ್ತಿದೀಯ?"

"ಮಂಜು ಬೀಳಿಸ್ತಿದೀನಿ."

ಅಪ್ಪ ಬೈಯಲಿಲ್ಲ. ಒಂದು ಕಾಯಿ ಕಿತ್ತು, ಉಗುರಿನಿಂದ ಸಿಪ್ಪೆ ಗೀರಿ, ಬಹಳ ಹೊತ್ತು ಮೂಸಿದ. "ಹ್ಞೂಂ, ಬಂದೈತೆ ಕಣಪ್ಪ ಸೊಗಡು" ಎಂದ. ನಾನೂ ಮೂಸಿದೆ. ನನಗೆ ಪಾಚಿ ಕಟ್ಟಿದ ನಮ್ಮ ಬಾವಿ ನೀರಿನ ವಾಸನೆ ಬಂತು. ಆದರೂ ನಂಬಿದೆ. ಒದ್ದೆ ಕಾಯಿಗಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು, ಅಕ್ಕನನ್ನು ಕರೆತರುತ್ತೇನೆಂದು ಅಪ್ಪ ಬಸ್ಸಿನ ರಸ್ತೆಯತ್ತ ಹೊರಟ.

ಅಕ್ಕ ಬಂದ ಕೂಡಲೇ ಕೊಡಬೇಕೆಂದು ನಾನು ಕಷಾಯಕ್ಕೆ ಕೂತೆ. ಅವಳೇ ಕಲಿಸಿದ್ದು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಬೇಕು, ಒಣಶುಂಠಿಯ ಜೊತೆ ಕುಟ್ಟಬೇಕು, ಬೆಲ್ಲ ಹಾಕಿ ನೀರು ಅರ್ಧಕ್ಕೆ ಇಳಿಯುವಷ್ಟು ಕುದಿಸಬೇಕು. ಮೆಣಸು ಆಳಿಗೆ ಆರು ಕಾಳು. ನಾನು ಮೂವರಿಗಾಗುವಷ್ಟು ಹಾಕಿದೆ. ಆಮೇಲೆ ಬಾಗಿಲಲ್ಲಿ ಕೂತೆ. ದಾರಿಯಲ್ಲಿ ಯಾರ ತಲೆ ಕಂಡರೂ ಏಳುತ್ತಿದ್ದೆ. ಕಷಾಯ ಆರಿತೆಂದು ಮತ್ತೆ ಮತ್ತೆ ಒಲೆಗೆ ಏರಿಸುತ್ತಿದ್ದೆ.

ಹೊತ್ತು ಮುಳುಗುವಾಗ ಅಪ್ಪ ಒಬ್ಬನೇ ಬಂದ. "ಬಸ್ಸೇ ಬರ್ಲಿಲ್ಲ ಕಣಪ್ಪ" ಎಂದ. ಮೂವರ ಕಷಾಯವನ್ನು ಇಬ್ಬರೇ ಕುಡಿದೆವು. ಕುದಿದು ಕುದಿದು ಅದು ಗಂಟಲು ಸುಡುವಷ್ಟು ಖಾರವಾಗಿತ್ತು. ಅಪ್ಪ ಕಣ್ಣೊರೆಸಿಕೊಂಡ. ಮೆಣಸಿನಿಂದಲೇ ಇರಬೇಕು.

ಆದರೆ ಅವನ ಹೆಗಲ ಮೇಲಿನ ಟವೆಲ್ಲು ಬರಿದಾಗಿತ್ತು. ಬಸ್ಸು ಬರದಿದ್ದರೆ ಕಾಯಿ ಎಲ್ಲಿ ಹೋಯಿತು? ಬರಿದಾಗಿದ್ದನ್ನು ನಾನು ಕಂಡೆನೋ, ಆಮೇಲೆ ಕಲ್ಪಿಸಿಕೊಂಡೆನೋ? ಅಪ್ಪ ಇರುವ ತನಕ ಕೇಳುವ ಧೈರ್ಯ ಬರಲಿಲ್ಲ.

ನಾಳೆ ಮಂಜು ಬೀಳುತ್ತದೋ ಇಲ್ಲವೋ ಎಂದು ನಿಮಗೆ ಫೋನೇ ಹೇಳುತ್ತದೆ. ಹಿದುಕಿದ ಬೇಳೆ ಪೊಟ್ಟಣದಲ್ಲಿ ಬರುತ್ತದೆ, ಕೈಗೆ ವಾಸನೆ ಹತ್ತುವುದಿಲ್ಲ. ಯಾರನ್ನಾದರೂ ನೋಡಬೇಕೆನಿಸಿದರೆ ಬೆರಳಿಟ್ಟರೆ ಸಾಕು, ಮುಖ ಬರುತ್ತದೆ. ಹೋದ ಚಳಿಗಾಲ ನಿಮ್ಮ ಕೈಯಲ್ಲೇ ಹಾಗೆ ಫೋನು ಮಾಡಿಸಿ ಅಕ್ಕನನ್ನು ಕೇಳಿಯೇಬಿಟ್ಟೆ, ಆ ದಿನ ಅಪ್ಪ ಬಂದಿದ್ದನಾ ಎಂದು.

"ಬಂದಿದ್ದ ಕಣೋ. ರೇಷ್ಮೆ ನೂಲು ಹುರಿ ಮಾಡೋ ಕೆಲ್ಸ ಐತೆ, ಕಳ್ಸಾಕಿಲ್ಲ ಅಂದ್ಬಿಟ್ರು ನಮ್ಮತ್ತೆ. ಬಾಗ್ಲಲ್ಲೇ ಟವೆಲ್ ಬಿಚ್ಚಿ ಕಾಯಿ ಸುರಿದ. 'ನಿನ್ ತಮ್ಮ ಮಂಜು ಬೀಳ್ಸವ್ನೆ, ಉಣ್ಣವ್ವ' ಅಂದು ಹೊಂಟೋದ."

ಸೊಗಡು ಇತ್ತಾ ಎಂದು ಕೇಳಿದೆ.

"ಎಲ್ಲೀ ಸೊಗಡು? ಬರೀ ನಮ್ ಬಾವಿ ನೀರಿನ ವಾಸ್ನೆ" ಎಂದಳು.