ಕೈಗುಣ ಒಲ್ಲೆನೆಂದ ಕೌದಿ ಮಾರ್ತವ್ವ

ಗೋಪನಕೊಪ್ಪದ ಹತ್ತಿ ವ್ಯಾಪಾರಿಯ ಪಡಸಾಲೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಮಾರ್ತವ್ವ ಆಗಲೇ ಕೌದಿಯ ಮೇಲೆ ಕಾಲು ಮಡಚಿ ಕುಳಿತಿದ್ದಾಳೆ. ಹಳೆ ಸೀರೆ, ಹರಿದ ಧೋತರ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತುತ್ತ ಬರುವ ಹೊಲಿಗೆ ಅವಳದು. ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ, ಕಣ್ಣೆತ್ತುವುದಿಲ್ಲ.

ಮಹಾಯುದ್ಧ ಶುರುವಾದಂದಿನಿಂದ ಅರಿವೆ ತುಟ್ಟಿ. ಹೊಸ ಹೊದಿಕೆ ಕೊಳ್ಳುವವರು ಯಾರು? ಪಕ್ಕದ ಉಣಕಲ್ಲಿನ ಈ ವಿಧವೆಗೆ ಕೈತುಂಬ ಕೆಲಸ. ನಸುಕಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಒಂದು ಕೌದಿಗೆ ಎಂಟು ಹತ್ತು ದಿನ. ಬೆರಳ ತುದಿಗಳು ಜಡ್ಡುಗಟ್ಟಿವೆ. ಕ್ರೈಸ್ತ ಮಿಶನ್ ಸಭೆಯವಳೆಂದು ಮೊದಲು ಅಂಗಳದಲ್ಲೇ ಕೂಡಿಸುತ್ತಿದ್ದರು. ಈಗ ಪಡಸಾಲೆ ತನಕ ಬಂದಿದ್ದಾಳೆ. ಆಕೆ ಚಾಡಿ ಹೇಳುವುದಿಲ್ಲ, ಒಂದು ಚಿಂದಿಯನ್ನೂ ಉಡಿಯಲ್ಲಿ ಕಟ್ಟುವುದಿಲ್ಲ, ಬೈದರೆ ನಗುತ್ತಾಳೆ.

ತೊಂದರೆ ಶುರುವಾದದ್ದು ಆ ಒಳ್ಳೆಯತನದಿಂದಲೇ. ಉಣಕಲ್ಲಿನ ಬೀರವ್ವನಿಗೆ ಕೂಸುಗಳು ಉಳಿಯುತ್ತಿರಲಿಲ್ಲ. ಮಾರ್ತವ್ವನ ಕೌದಿಯಲ್ಲಿ ಮಲಗಿದ ಕೂಸು ಉಳಿಯಿತು. ‘ಪುಣ್ಯವಂತಿ, ಕೈಗುಣ ಐತಿ’ ಎಂದು ಸುದ್ದಿ ಹಬ್ಬಿತು. ಬಸುರಿಯರ ಮನೆಗಳಿಂದ ಕರೆ ಬಂತು. ಕೆಲವರು ಕಾಲೂ ಮುಟ್ಟುತ್ತಾರೆ.

“ಅಲ್ರೀ, ನಾ ಬ್ಯಾಡಂದ್ರ ‘ನೋಡ, ಒಂಚೂರೂ ಸೊಕ್ಕಿಲ್ಲ’ ಅಂತ ಇನ್ನೊಮ್ಮೆ ಮುಟ್ಟತಾರ! ಸುಮ್ಮನಿದ್ದಷ್ಟೂ ನನ್ನ ದೇವರ ಮಾಡಾಕತ್ತಾರ,” ಎಂದು ಮಾರ್ತವ್ವ ಗೊಣಗುತ್ತಾಳೆ.

ಸಭೆಯ ಹಿರಿಯರೊಬ್ಬರಿಗೆ ಇದು ಸಂತೋಷದ ಸಂಗತಿ. “ನಮ್ಮ ನಡತಿನ ಸುವಾರ್ತಿ, ಮಾರ್ತವ್ವ. ಬಾಯಿ ಬಿಟ್ಟ ಯೇಸುಸ್ವಾಮಿ ಹೆಸರ ಎತ್ತಿದಿ ಅಂದ್ರ ಇದ್ದ ಮನಿನೂ ಹೋಗ್ತಾವ,” ಅನ್ನುತ್ತಾರೆ. ಈ ಮಾತು ಬಹಳ ಮಂದಿಗೆ ರುಚಿಸುತ್ತದೆ. ಯಾಕೆ ರುಚಿಸಬಾರದು? ಬೈಸಿಕೊಳ್ಳಬೇಕಿಲ್ಲ, ಯಾರ ಮನೆ ಬಾಗಿಲೂ ಮುಚ್ಚುವುದಿಲ್ಲ, ಹೊಗಳಿಕೆ ಪುಕ್ಕಟೆ. ಹೇಡಿತನಕ್ಕೆ ಸಜ್ಜನಿಕೆಯ ಅಂಗಿ ತೊಡಿಸಿ ಮುಂದಿನ ಸಾಲಲ್ಲಿ ಕೂಡಿಸಿದ್ದಾರೆ, ಅಷ್ಟೇ.

ಮಾರ್ತವ್ವ ಅವರಿಗೆ ಕೊಟ್ಟ ಉತ್ತರ ಇದು: “ಸೂಜಿ ನನ್ನ ಹೆಸರಷ್ಟ ಹೇಳತೈತ್ರಿ. ಆತನ ಹೆಸರ ಹೇಳಾಕ ಬಾಯಿನ ಬೇಕು. ಹಂಗಂತ ಹೊಲಿಗಿ ಕೆಡಿಸಿ ಬಾಯಿ ಬಡ್ಕೊಂಡ್ರ ಯಾರ ಕೇಳತಾರ? ಎರಡೂ ಬೇಕ್ರಿ.”

ಇಂದು ಈ ಮನೆಯ ಕೌದಿ ಮುಗಿಯುತ್ತದೆ. ಕೌದಿ ಹಸಿದಿರಬಾರದೆಂದು, ಕೊನೆಗೆ ನಡುವಿನ ಕಿಂಡಿಯಲ್ಲಿ ರೊಟ್ಟಿ ಚೂರು ಇಟ್ಟು ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಇಡುವವರು ಮನೆಗೊಂದು ಒಳ್ಳೆ ಮಾತು ಆಡಬೇಕು. ಸೊಸೆ ಮುರಿಗೆವ್ವ, ಎರಡು ಕೂಸು ಕಳೆದುಕೊಂಡವಳು, ಈಗ ದಿನ ತುಂಬಿದ ಬಸುರಿ, ಚೂರು ಚಾಚುತ್ತಾಳೆ.

“ನೀನ ಇಡಬೇ. ನಿನ್ನ ಕೈಯಿಂದ ಇಟ್ರ ಇದೊಂದರ ಉಳೀತೈತಿ.”

ಅತ್ತೆ ಚನ್ನಬಸವ್ವ ಕಂಬಕ್ಕೊರಗಿ ನಿಂತಿದ್ದಾಳೆ. ಮಾರ್ತವ್ವ ಹೂಂ ಅಂದರೆ ಸಾಕು, ಈ ಓಣಿಯ ಕೆಲಸವೆಲ್ಲ ಅವಳದು.

“ನನ್ನ ಕೈಯಾಗ ಏನೂ ಇಲ್ಲ ತಂಗಿ. ನಾನೂ ಬೇಡಾಕಿನ. ನಾ ಬೇಡೂದು ಯೇಸುಸ್ವಾಮಿನ್ನ. ನನ್ನಂಥಾ ಪಾಪಿ ಸಲುವಾಗಿ ಸತ್ತ, ಎದ್ದ ಬಂದ. ನಿನ್ನ ಕೂಸಿನ ಸಲುವಾಗಿ ದಿನಾ ಆತನ್ನ ಕೇಳಾಕತ್ತೇನಿ. ನೀನೂ ಕೇಳಬಹುದು.”

“ಕೇಳಿದ್ರ ಉಳಸ್ತಾನೇನು?”

ಮಾರ್ತವ್ವನ ಸೂಜಿ ನಿಲ್ಲುತ್ತದೆ.

“ಅದ ಗೊತ್ತಿಲ್ಲವಾ. ನಂದೂ ಒಂದು ಹೋಗೇತಿ. ಆವಾಗೂ ಆತ ನನ್ನ ಕೈ ಬಿಡಲಿಲ್ಲ. ಅಷ್ಟ ಖರೇ.”

“ಮುಗೀತೇನ ನಿನ್ನ ಪುರಾಣ?” ಚನ್ನಬಸವ್ವನ ದನಿ ಏರುತ್ತದೆ. “ಹೊಲಿ ಅಂದ್ರ ಜಾತಿ ಕೆಡಸಾಕ ಬಂದಿ! ಸೂಜಿ ತಗೊಂಡ ನಡಿ. ನಾಳಿಂದ ಈ ಹೊಸ್ತಲಾ ತುಳೀಬ್ಯಾಡ.”

“ಅರ್ಧಾ ಬಿಟ್ಟ ಹೋಗಾಕಿ ಅಲ್ರಿ ನಾ. ಈ ಒಂದ ಸುತ್ತ ಹಾಕಿ ಏಳತೇನಿ.”

ಮುರಿಗೆವ್ವ ಚೂರನ್ನು ತಾನೇ ಇಡುತ್ತಾಳೆ. ಮಾರ್ತವ್ವ ಹೊಲಿದು ಮುಗಿಸಿ, ಕೌದಿ ಮಡಚಿ ಕೊಟ್ಟು, ಹೊರಗೆ ಬರುತ್ತಾಳೆ.

ನಾಳೆ ಉಣಕಲ್ಲಿನ ಗುಲ್ಜಾರಬಿಯ ಮನೆ. ‘ನಾ ಮಾತಾಡಾಕಿ’ ಎಂದು ಮಾರ್ತವ್ವ ಮೊದಲೇ ತಿಳಿಸಿದ್ದಾಳೆ. ‘ಮಾತಾಡ, ನಾನೇನ ಮೂಕಿ ಅದೇನೇನು?’ ಎಂದಳಂತೆ ಆಕೆ.

ಇಲ್ಲಿಯ ಬಾಗಿಲು ಮುಚ್ಚಿತಲ್ಲ, ಬೇಸರವಿಲ್ಲವೇ ಎಂದರೆ ಮಾರ್ತವ್ವ ನಡೆಯುತ್ತಲೇ ಹೇಳುತ್ತಾಳೆ:

“ಐತ್ರಿ, ಯಾಕಿಲ್ಲ? ಮುರಿಗೆವ್ವ ಹಡದ ಸುದ್ದಿ ಯಾರರ ತಿಳಿಸಿದ್ರ ಸಾಕ. ಕೂಸ ಉಳದ್ರ ಛಲೋನ ಆತು. ಉಳೀದಿದ್ರ ನಾ ಆಕಿ ಹತ್ರ ಕುಂಡ್ರಾಕ ಬರಬೇಕು. ಬಾಗಲಾ ತಗೀಲಿಲ್ಲಂದ್ರ, ಹೊರಗ ಕುಂಡ್ರತೇನಿ.”