ಮರದ ಬೂಟಿನ ಗಿಳಿ

ಶೌಕ್ಯೆಗೆ ಗಿಳಿ ಬಂದದ್ದು ಅಭಿನಂದನೆಯ ದಾರಿಯಲ್ಲಿ. ಅವಳು ಕೇಳಿರಲಿಲ್ಲ, ಕೊಂಡಿರಲಿಲ್ಲ, ಯಾರೂ ‘ತಗೋ’ ಎಂದು ಕೊಟ್ಟೂ ಇರಲಿಲ್ಲ. ಫ್ರೀಸ್‌ಲಾಂಡಿನ ಆ ಕಾಲುವೆ ಊರಿನಲ್ಲಿ ಅರ್ಧ ಆಯುಷ್ಯವನ್ನು ಸೇತುವೆ ಎತ್ತಿ ಇಳಿಸುವುದರಲ್ಲೇ ಕಳೆದ ಹೆಂಗಸು ಅವಳು. ದೋಣಿ ಬಂದು ತುತ್ತೂರಿ ಊದಿದರೆ ಸಾಕು, ಇಡೀ ರಸ್ತೆಯನ್ನೇ ಆಕಾಶಕ್ಕೆ ಎತ್ತಿಬಿಡುತ್ತಿದ್ದಳು. ನಾಲ್ಕು ಜನರ ಎದುರು ಮಾತೆತ್ತುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಅಕ್ಕ ರೆನ್ಸ್ಕೆಯ ಹುಟ್ಟುಹಬ್ಬ. ಎಂದಿನಂತೆ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ಸುತ್ತು ಹಾಕಿದ್ದರು. ಒಳಗೆ ಬಂದವರು ಆ ಸುತ್ತಿನಲ್ಲಿ ಕೂತ ಒಬ್ಬೊಬ್ಬರ ಕೈಯನ್ನೂ ಕುಲುಕಬೇಕು. ಹುಟ್ಟುಹಬ್ಬದವರಿಗೆ ಮಾತ್ರ ಅಭಿನಂದನೆ ಹೇಳಿದರೆ ಸಾಲದು. ತಂಗಿಗೆ ‘ನಿನ್ನ ಅಕ್ಕ ಹುಟ್ಟಿದ್ದಕ್ಕೆ ಅಭಿನಂದನೆ’, ಪಕ್ಕದ ಮನೆಯವರಿಗೆ ‘ನಿಮ್ಮ ನೆರೆಯವಳು ಹುಟ್ಟಿದ್ದಕ್ಕೆ ಅಭಿನಂದನೆ’. ಸುತ್ತು ಮುಗಿದ ಮೇಲೆಯೇ ಕಾಫಿ, ಮತ್ತು ಗುಲಾಬಿ ಸಕ್ಕರೆ ಮೆತ್ತಿದ ಕಿತ್ತಳೆ ಕೇಕಿನ ಒಂದು ತುಂಡು. ಎರಡನೆಯದನ್ನು ಕೇಳುವ ರೂಢಿಯಿಲ್ಲ.

ಗಿಳಿ ಸಾಕಿ ಮಾರುವ ವೊಬ್ಬೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡೇ ಬಂದ. ಒಳಗಿದ್ದ ಮರಿಗೆ ಆಗಾಗ ಗಂಜಿ ಕುಡಿಸಬೇಕಿದ್ದರಿಂದ ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ.

“ಶೌಕ್ಯೆ, ಒಂಚೂರು ಹಿಡ್ಕೊಂಡಿರು, ಕೋಟು ಬಿಚ್ತೀನಿ,” ಎಂದ.

ಅವಳು ಹಿಡಿದುಕೊಂಡಳು. ಇಣುಕಿದಳು. ಮೈಯೆಲ್ಲ ಸೂಜಿ ಚುಚ್ಚಿದಂತೆ ಗರಿಮೊಳಕೆ, ಬೋಳು ಹೊಟ್ಟೆ, ಮುಖಕ್ಕಿಂತ ದೊಡ್ಡ ಕೊಕ್ಕು. ಒಂದು ಕಾಲು ಇರಬೇಕಾದ ಕಡೆ ಇತ್ತು. ಇನ್ನೊಂದು ದೋಣಿಯ ಹುಟ್ಟಿನಂತೆ ಪಕ್ಕಕ್ಕೆ ಚಾಚಿ, ಬೆರಳೆಲ್ಲ ಮುಷ್ಟಿ ಕಟ್ಟಿಕೊಂಡು ಬಿದ್ದಿತ್ತು.

“ಇದರ ಕಾಲಿಗೇನಾಯ್ತು?”

“ಮೊದಲಿಂದ ಹಂಗೇ. ಕೊಂಬೆ ಹಿಡಿದು ಕೂರೋಕೆ ಬರದ ಗಿಳಿ ಯಾರಿಗೆ ಬೇಕು ಹೇಳು? ಈ ವಾರ ಏನಾದ್ರೂ ಒಂದು ಮಾಡ್ಬೇಕು.”

ಆ ‘ಏನಾದ್ರೂ ಒಂದು’ ಏನೆಂಬುದು ಕುರ್ಚಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

“ಅಯ್ಯೋ, ಹಾಗ್ಮಾಡ್ಬೇಡ್ವೋ,” ಎಂದಳು ಶೌಕ್ಯೆ. ಅಷ್ಟೇ ಅಂದದ್ದು. ಆಮೇಲೆ ಎಷ್ಟು ಸಲ ನೆನಪಿಸಿಕೊಂಡರೂ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಿದ ನೆನಪಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಯಿಕ್ಯೆ ಒಳಗೆ ಬಂದಳು. ಪೆಟ್ಟಿಗೆ ಶೌಕ್ಯೆಯ ತೊಡೆಯ ಮೇಲಿತ್ತು. “ಗಿಳಿ ತಗೊಂಡ್ಯೇನೇ? ಅಭಿನಂದನೆ!” ಎಂದು ಕೈ ಕುಲುಕಿದಳು. ಅವಳ ಹಿಂದೆ ಅವಳ ಗಂಡ ಕುಲುಕಿದ. ಆಮೇಲೆ ಸುತ್ತಿನಲ್ಲಿದ್ದವರೆಲ್ಲ ಎದ್ದರು. ರೆನ್ಸ್ಕೆಗೆ, ತಂಗಿಗೆ ಗಿಳಿ ಬಂದದ್ದಕ್ಕೆ ಅಭಿನಂದನೆ. ವೊಬ್ಬೆಗೆ, ಮರಿಗೆ ಮನೆ ಸಿಕ್ಕಿದ್ದಕ್ಕೆ ಅಭಿನಂದನೆ. “ಥ್ಯಾಂಕ್ಸ್, ಥ್ಯಾಂಕ್ಸ್,” ಎಂದ ವೊಬ್ಬೆ. ಕೈ ಕುಲುಕಿದವರಿಗೆ ಇನ್ನೇನು ಹೇಳುವುದು? ಇಷ್ಟೆಲ್ಲ ಆದ ಮೇಲೆ ‘ನಾನು ತಗೊಂಡಿಲ್ಲ’ ಎನ್ನಬೇಕಾದರೆ ಎಲ್ಲರ ಕೈಯನ್ನೂ ಹಿಂದಕ್ಕೆ ಕುಲುಕಿ ಬರಬೇಕು. ಶೌಕ್ಯೆ ಪೆಟ್ಟಿಗೆ ಹಿಡಿದು ಮನೆಗೆ ಹೋದಳು.

ಹಕ್ಕಿಯೇನೋ ಬಂತು. ಹಕ್ಕು ಬಂತೇ ಇಲ್ಲವೇ ಎಂಬುದು ತಿಳಿಯಲಿಲ್ಲ. ವೊಬ್ಬೆ ಕೊಟ್ಟದ್ದೋ, ನೋಡಿಕೊಳ್ಳಲಿ ಎಂದು ಬಿಟ್ಟದ್ದೋ? ಹೆಸರಿಡೋಣವೆಂದು ಎರಡು ಮೂರು ಹೆಸರು ಯೋಚಿಸಿ ಬಿಟ್ಟಳು. ಪರರ ಗಿಳಿಗೆ ಹೆಸರಿಡುವುದು ಪರರ ಮನೆಗೆ ಸುಣ್ಣ ಬಳಿದಂತೆ. “ಏ” ಎಂದು ಕರೆದಳು. ಅದೂ ಬಾಯಿ ಕಳೆಯಿತು.

ಪ್ರಾಣಿಗಳ ಡಾಕ್ಟರ್ ಚಿಕ್ಕ ವಯಸ್ಸಿನವಳು. ಮರಿಯನ್ನು ಅಂಗೈಯಲ್ಲಿ ಮಗುಚಿ ನೋಡಿ, “ಎಲುಬು ಇನ್ನೂ ಎಳೇದು. ಕಾಲು ಅಗಲ ಮಾಡೋಕೆ ಜಾಗಾನೇ ಇರದಂಥ ಇಕ್ಕಟ್ಟಾದ ಬಟ್ಟಲಲ್ಲಿಡಿ. ಬೆರಳನ್ನ ದಿನಾ ಬಿಡಿಸಿ, ಪೆನ್ಸಿಲ್ ಹಿಡಿಸಿ,” ಎಂದಳು.

“ಸರಿ ಹೋಗತ್ತಾ?”

“ಹೋದ್ರೂ ಹೋಗ್ಬಹುದು.”

ಶೌಕ್ಯೆಯ ಮನೆಯಲ್ಲಿ ಗಂಜಿಯ ಬಟ್ಟಲು ಹೆಚ್ಚು ಅಗಲ, ಮೊಟ್ಟೆಯ ಬಟ್ಟಲು ತೀರಾ ಕಿರಿದು. ಸೇತುವೆಯ ಕೋಣೆಗೆ ಹೋದಾಗ ಕಣ್ಣಿಗೆ ಬಿದ್ದದ್ದು ಅಪ್ಪನ ಮರದ ಬೂಟು. ಆ ಜೋಡಿಯಲ್ಲಿ ಎಡದ್ದಕ್ಕೆ ಎಂದೋ ಕೆಲಸ ಸಿಕ್ಕಿತ್ತು. ಅದನ್ನು ಗಾಳದ ಕೋಲಿನ ದಾರಕ್ಕೆ ಕಟ್ಟಿ ಹಾದುಹೋಗುವ ದೋಣಿಗಳತ್ತ ತೂಗಿಬಿಟ್ಟರೆ, ದೋಣಿಯವರು ಅದರೊಳಗೆ ಸೇತುವೆಯ ಸುಂಕ ಹಾಕುತ್ತಿದ್ದರು. ಬಲದ್ದು ಸುಮ್ಮನೆ ಧೂಳು ಹಿಡಿದು ಕೂತಿತ್ತು. ಹಳೆಯ ಉಣ್ಣೆ ತುರುಕಿ ಮರಿಯನ್ನು ಕೂರಿಸಿದರೆ ಹೊಲಿಸಿದಂತೆ ಕೂತಿತು. ನೆಲದ ತಂಡಿ ತಾಕದಿರಲೆಂದು ಬೂಟನ್ನು ಅದೇ ಕೋಣೆಯ ಕಿಟಕಿಯ ಮೇಲಿನ ಕೊಕ್ಕೆಗೆ ದಾರದಲ್ಲಿ ತೂಗುಹಾಕಿದಳು. ಸೇತುವೆಗೊಂದು ಕಣ್ಣು, ಬೂಟಿಗೊಂದು ಕಣ್ಣು.

ಪ್ರತಿ ಶನಿವಾರ ವೊಬ್ಬೆ ಬರತೊಡಗಿದ. ಸೈಕಲ್ ನಿಲ್ಲಿಸಿ ಕಿಟಕಿಯಲ್ಲಿ ತಲೆ ಹಾಕುವನು.

“ತಿಂತಿದ್ಯಾ?”

“ತಿಂತಿದೆ.”

“ಹ್ಞೂಂ.”

ಆ ಹ್ಞೂಂಕಾರವನ್ನು ಶೌಕ್ಯೆ ಸಂಜೆಯವರೆಗೆ ಮಗುಚಿ ಹಾಕುವಳು. ಅದು ಬೇರೆಯವರ ಕೊಟ್ಟಿಗೆಯಲ್ಲಿ ಬಿಟ್ಟ ತನ್ನ ಹಸುವನ್ನು ವಿಚಾರಿಸುವವನ ಹ್ಞೂಂ ಆಗಿತ್ತೇ? ಕೊಟ್ಟ ಮಗಳ ಕ್ಷೇಮ ಕೇಳುವವನದೇ?

“ಕೇಳ್ಬಿಡೇ ಅವನ್ನ ಒಂದ್ಸಲ!” ಎಂದಳು ರೆನ್ಸ್ಕೆ.

“ಕೇಳಿ, ‘ನಂದೇ’ ಅಂದ್ಬಿಟ್ರೆ?”

“‘ನಿಂದೇ’ ಅಂದ್ರೆ?”

“ಇಷ್ಟು ದಿನ ನಾನು ಅನುಮಾನ ಪಟ್ಟೆ ಅಂತ ಅವನಿಗೆ ಗೊತ್ತಾಗಲ್ವಾ?”

“ನಿನ್ನ ತಲೆ. ಗಿಳಿಗಿಂತ ನಿನಗೇ ಮೊದಲು ಮಾತು ಕಲಿಸ್ಬೇಕು.”

ಜೂನ್ ಬರುವ ಹೊತ್ತಿಗೆ ಹೊಟ್ಟೆ ಹಳದಿಯಾಯಿತು, ಬೆನ್ನು ಹಸಿರಾಯಿತು, ತಲೆ ಮಾತ್ರ ಪಾದ್ರಿಯ ಟೋಪಿಯಂತೆ ಬೂದು. ಕಾಲೂ ಸುಮಾರಾಗಿ ಕೆಳಕ್ಕೆ ಬಂತು. ಮುಷ್ಟಿ ಹಾಗೇ ಇತ್ತು. ಕಾಲು ಭಾಗ ಸರಿಯಾಗಿದೆ ಎಂದು ಒಂದು ದಿನ ಅನ್ನಿಸಿದರೆ ಮರುದಿನ ಮುಕ್ಕಾಲು ಎನ್ನಿಸುವುದು.

ಒಂದು ಶನಿವಾರ ಕಾಲುವೆಯಲ್ಲಿ ದೋಣಿಗಳ ಸಾಲೇ ಸಾಲು. ಅಂದು ಬೆಳಿಗ್ಗೆ ತಾನೇ ಅವಳು ಎಡಬೂಟನ್ನು ಒರೆಸಿ, ದಾರ ಬದಲಾಯಿಸಲೆಂದು ಬಲಬೂಟಿನ ಪಕ್ಕದ ಕೊಕ್ಕೆಗೇ ನೇತುಹಾಕಿದ್ದಳು. ತುತ್ತೂರಿ ಕೂಗಿತು. ಗಂಟೆ ಬಾರಿಸಿ, ಗೇಟು ಇಳಿಸಿ, ಸೇತುವೆ ಎತ್ತಿ, ಕೈಗೆ ಸಿಕ್ಕ ಬೂಟನ್ನು ಗಾಳದ ಕೋಲಿಗೆ ಸಿಕ್ಕಿಸಿ ನೀರಿನ ಮೇಲೆ ಬೀಸಿದಳು. ಎಡದ್ದು ಹೋಗಬೇಕಾದಲ್ಲಿ ಬಲದ್ದು ಹೋಯಿತು, ಎಡವಟ್ಟಾಯಿತು.

ದೋಣಿಯಲ್ಲಿದ್ದ ಜರ್ಮನ್ ಧಡೂತಿ ನಾಣ್ಯ ಹಿಡಿದು ಕೈ ಚಾಚಿದ. ಬೂಟಿನಿಂದ ಒಂದು ಕೊಕ್ಕು ಮೇಲೆದ್ದಿತು.

“ಅಮ್ಮಾ!” ಎಂದು ಕೂಗಿದ. “ದುಡ್ಡು ಇದರ ಬಾಯಿಗೆ ಹಾಕ್ಲಾ?”

“ಬೇಡ! ಮುಟ್ಬೇಡಿ!”

“ಕಚ್ಚುತ್ತಾ?”

“ಗೊತ್ತಿಲ್ಲ!”

“ಚಿಲ್ಲರೆ ವಾಪಸ್ ಕೊಡುತ್ತಾ?”

ಬೂಟು ಗಿರಗಿರ ತಿರುಗುತ್ತಿತ್ತು. ಶೌಕ್ಯೆ ಕೋಲನ್ನು ಮೆಲ್ಲಗೆ ಎಳೆದುಕೊಂಡಳು. ಮರಿ ಬೂಟಿನ ಅಂಚನ್ನು ಕಾಲಲ್ಲಿ ಅವಚಿಕೊಂಡು, ಬಿರುಗಾಳಿಗೆ ಸಿಕ್ಕ ನಾವಿಕನಂತೆ ಕೂತಿತ್ತು. ಯಾವ ಕಾಲಲ್ಲಿ? ಬೂಟು ಅತ್ತ ತಿರುಗಿದಾಗ ಒಳ್ಳೆಯದರಲ್ಲಿ, ಇತ್ತ ತಿರುಗಿದಾಗ ಸೊಟ್ಟದ್ದರಲ್ಲಿ.

ಗೇಟಿನ ಆಚೆ ಕಾಯುತ್ತಿದ್ದ ಸೈಕಲ್ಲುಗಳ ನಡುವೆ ವೊಬ್ಬೆ ನಿಂತಿದ್ದ. ಅವನು ಎಲ್ಲವನ್ನೂ ನೋಡಿದ್ದ. ಬೈಯುತ್ತಾನೆಂದುಕೊಂಡಳು. ಅವನು ಬೈಯಲಿಲ್ಲ.

“ಎರಡರಲ್ಲೂ ಹಿಡೀತಲ್ಲ,” ಎಂದ. “ಗ್ರೋನಿಂಗೆನ್ನಲ್ಲಿ ಒಬ್ಬ ಇಂಥದೇ ಒಂದು ಗಿಳಿ ಬೇಕು ಅಂತಿದ್ದ.”

ಸೇತುವೆ ಇಳಿಯಿತು. ಅವನು ಸೈಕಲ್ ಹತ್ತಿ ಹೋದ.

ಅಂದಿನಿಂದ ಶೌಕ್ಯೆಗೆ ದೇವರಲ್ಲಿ ಏನು ಬೇಡಿಕೊಳ್ಳಬೇಕೆಂದೇ ತಿಳಿಯದಾಯಿತು. ಕಾಲು ಸೊಟ್ಟಗೇ ಉಳಿದರೆ ಗಿಳಿಗೆ ಕಷ್ಟ, ನೆಟ್ಟಗಾದರೆ ತನಗೆ. ಸಂಜೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ಪೆನ್ಸಿಲ್ ಹಿಡಿಸುವಾಗ, ತನ್ನ ಕೈಯಾರೆ ಅದನ್ನು ಗ್ರೋನಿಂಗೆನ್ನಿಗೆ ಕಳಿಸುತ್ತಿದ್ದೇನೆ ಎನ್ನಿಸುವುದು. ಒಂದು ಸಂಜೆ ಪೆನ್ಸಿಲನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದಳು. ಗಿಳಿ ಅವಳ ಕಿರುಬೆರಳನ್ನೇ ಹುಡುಕಿಕೊಂಡು ಬಂದು, ಸೊಟ್ಟ ಕಾಲಿನಿಂದ ತಟ್ಟಿತು. ಬೈದುಕೊಂಡು ಡ್ರಾಯರು ತೆಗೆದಳು.

ಸೆಪ್ಟೆಂಬರಿನಲ್ಲಿ ಅವಳದೇ ಹುಟ್ಟುಹಬ್ಬ. ಕುರ್ಚಿಗಳ ಸುತ್ತು ಹಾಕಿದಾಗ ಗಿಳಿಯ ಸ್ಟ್ಯಾಂಡಿಗೆ ಬೇರೆ ಜಾಗ ಉಳಿಯದೆ, ಅದನ್ನೂ ಸುತ್ತಿನಲ್ಲಿ, ರೆನ್ಸ್ಕೆ ಮತ್ತು ಯಿಕ್ಯೆಯ ನಡುವೆಯೇ ನಿಲ್ಲಿಸಿದರು. ಗಿಳಿ ಸ್ಟ್ಯಾಂಡಿಗೆ ತೂಗುಹಾಕಿದ್ದ ಬಲಬೂಟಿನ ಅಂಚಿನ ಮೇಲೆ ಕೂತು ಅತಿಥಿಗಳನ್ನು ಒಬ್ಬೊಬ್ಬರಾಗಿ ಅಳೆಯುತ್ತಿತ್ತು.

ಕೊನೆಗೆ ವೊಬ್ಬೆ ಬಂದ. ಕೈಯಲ್ಲಿ ಪಂಜರ. ಹೊಸದು, ಹಿಡಿಯಿರುವಂಥದ್ದು, ಗಿಳಿಯನ್ನು ದೂರ ಒಯ್ಯಲು ಬಳಸುವಂಥದ್ದು. ಬಾಗಿಲ ಬಳಿ ಇಟ್ಟ. ಶೌಕ್ಯೆಯ ಕೈಯಲ್ಲಿದ್ದ ಕೇಕಿನ ಚಾಕು ಅಲ್ಲೇ ನಿಂತಿತು.

ಅವನು ಅವಳ ಕೈ ಕುಲುಕಿ ಸುತ್ತು ಶುರುಮಾಡಿದ. “ರೆನ್ಸ್ಕೆ, ನಿನ್ನ ತಂಗಿ ಹುಟ್ಟಿದ್ದಕ್ಕೆ ಅಭಿನಂದನೆ.” ಮುಂದಿನದು ಗಿಳಿ. ವೊಬ್ಬೆ ಒಂದು ಗಳಿಗೆ ತಡೆದ. ದಾಟಿ ಹೋಗಬಹುದಿತ್ತು. ತೋರುಬೆರಳು ಚಾಚಿದ. ಗಿಳಿ ಅದನ್ನೂ ಪೆನ್ಸಿಲ್ ಎಂದುಕೊಂಡಿತೋ ಏನೋ, ಸೊಟ್ಟ ಕಾಲು ಎತ್ತಿ ಗಟ್ಟಿಯಾಗಿ ಹಿಡಿಯಿತು.

“ನಿನ್ನ ಶೌಕ್ಯೆ ಹುಟ್ಟಿದ್ದಕ್ಕೆ ಅಭಿನಂದನೆ,” ಎಂದ ವೊಬ್ಬೆ, ಅದರ ಕಾಲು ಕುಲುಕುತ್ತ.

ಯಾರೂ ನಗಲಿಲ್ಲ. ಕ್ರಮ ಪ್ರಕಾರ ಸರಿಯಾಗಿಯೇ ಇತ್ತು.

“ಆ ಪಂಜರ?” ಎಂದಳು ಶೌಕ್ಯೆ.

“ನಿನಗೇ. ಡಾಕ್ಟರ್ ಹತ್ರ ಬೂಟಲ್ಲಿ ಹೊತ್ಕೊಂಡು ಹೋಗ್ತೀಯಂತೆ, ಊರೆಲ್ಲ ನಗಾಡ್ತಿದೆ.”

“ಮತ್ತೆ... ಗ್ರೋನಿಂಗೆನ್ನೋನು?”

“ಮತ್ತೆ ಕೇಳ್ದ. ಆ ಗಿಳಿ ನಂದಲ್ಲಪ್ಪ ಅಂದೆ.” ಅವನ ಕಿವಿ ಕೆಂಪಾಯಿತು. “ಅಲ್ಲ ತಾನೇ? ಅವತ್ತು ಎಲ್ರೂ ಕೈ ಕುಲುಕಿದ್ರು, ನಂಗೂ ಸರಿಯಾಗಿ ಗೊತ್ತಾಗ್ಲಿಲ್ಲ. ಬೇಜಾರಾಗಿ ನೀನೇ ವಾಪಸ್ ತರ್ತೀಯೇನೋ ಅಂತ ಪ್ರತಿ ಶನಿವಾರ ಬಂದು ನೋಡ್ತಿದ್ದೆ.”

ಕುರ್ಚಿಗಳೆಲ್ಲ ಶೌಕ್ಯೆಯತ್ತ ನೋಡಿದವು. ಅವಳು ಚಾಕು ಕೆಳಗಿಟ್ಟಳು.

“ನಿಂದಲ್ಲ ವೊಬ್ಬೆ,” ಎಂದಳು, ಕಾಲುವೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. “ನಂದು.”

“ಅಭಿನಂದನೆ!” ಎಂದು ಯಿಕ್ಯೆ ಎದ್ದಳು. ಎಲ್ಲರೂ ಎದ್ದರು. ಸುತ್ತು ಮತ್ತೆ ಮೊದಲಿನಿಂದ ಶುರುವಾಯಿತು, ಕಾಫಿ ಆರತೊಡಗಿತು. ವೊಬ್ಬೆ ಮಾತ್ರ ಗಿಳಿಗೆ ಬೆರಳು ಕೊಟ್ಟು ಅಲ್ಲೇ ನಿಂತಿದ್ದ. ಆ ಕಾಲು ಹಿಡಿಯುವುದನ್ನು ಕಲಿತಿತ್ತು, ಬಿಡುವುದನ್ನು ಇನ್ನೂ ಕಲಿತಿರಲಿಲ್ಲ.